ಮುಖ ಕೊಟ್ಟು ಮಾತಾಡುವವರು ಯಾರು?

ಈಗ ನಮ್ಮ ಕಡೆ ಎಲ್ಲಿ ಮೈಕು ಕಟ್ಟಿದರೂ ಒಂದು ಮಾತು ಕೇಳುತ್ತದೆ: ಮೊಬೈಲು ಮಕ್ಕಳನ್ನು ಹಾಳು ಮಾಡ್ತಾ ಉಂಟು. ಪುತ್ತೂರಿನ ಶಾಲಾ ವಾರ್ಷಿಕೋತ್ಸವ ಇರಲಿ, ಸುಳ್ಯದ ಪೋಷಕರ ಸಭೆ ಇರಲಿ, ಕಡಬದ ಯುವಕ ಮಂಡಲದ ವೇದಿಕೆ ಇರಲಿ, ಭಾಷಣಕ್ಕೆ ನಿಂತವರು ಇದನ್ನು ಹೇಳದೆ ಇಳಿಯುವುದಿಲ್ಲ. ಹೇಳಿದ ಮೇಲೆ ಒಂದು ನಿಟ್ಟುಸಿರು. ನಮ್ಮ ಕಾಲದಲ್ಲಿ ಎಷ್ಟು ಚಂದ ಇತ್ತು! ಅಂಗಳ ತುಂಬ ಮಕ್ಕಳು, ಲಗೋರಿ, ಚೆನ್ನೆಮಣೆ, ಅಜ್ಜಿಯ ಕತೆ, ಊರೆಲ್ಲ ಒಂದೇ ಮನೆಯ ಹಾಗೆ. ಚಪ್ಪಾಳೆ ಬೀಳುತ್ತದೆ. ಭಾಷಣಕಾರರು ಕೆಳಗಿಳಿದು ಕುರ್ಚಿಯಲ್ಲಿ ಕೂತ ಕೂಡಲೇ ಜೇಬಿನಿಂದ ಮೊಬೈಲು ತೆಗೆಯುತ್ತಾರೆ.

ಅವರನ್ನು ಗೇಲಿ ಮಾಡಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅವರ ಮಾತಿನಲ್ಲಿ ಅರ್ಧ ಸತ್ಯ ಉಂಟು. ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಉಳಿದ ಅರ್ಧವನ್ನು ಅವರು ಯಾವತ್ತೂ ಹೇಳುವುದಿಲ್ಲ. ಅದನ್ನು ನಾವೇ ಹೇಳಬೇಕು.

ಮುಖ ಕೊಟ್ಟು ಮಾತಾಡುವುದು ಅಂತ ನಮ್ಮಲ್ಲಿ ಒಂದು ಮಾತುಂಟು. ಒಬ್ಬರನ್ನು ಮನುಷ್ಯರೆಂದು ಒಪ್ಪಿಕೊಂಡ ಗುರುತು ಅದು. ಮಗು ಲೋಕವನ್ನು ಕಲಿಯುವುದು ಅಲ್ಲಿಂದಲೇ. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 1978ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ತಾಯಿ ತನ್ನ ಕೆಲವೇ ತಿಂಗಳ ಕೂಸಿನ ಎದುರು ಕೂತು ನಗಿಸುತ್ತಾಳೆ, ಮಾತಾಡಿಸುತ್ತಾಳೆ. ಆಮೇಲೆ ಕೆಲವು ನಿಮಿಷ ಮುಖವನ್ನು ಕಲ್ಲು ಮಾಡಿಕೊಂಡು ಸುಮ್ಮನೆ ನೋಡುತ್ತಾಳೆ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ. ಕೂಸು ನಗುತ್ತದೆ, ಉತ್ತರ ಇಲ್ಲ. ಮತ್ತೆ ಮತ್ತೆ ಕರೆಯಲು ನೋಡುತ್ತದೆ, ಉತ್ತರ ಇಲ್ಲ. ಕೊನೆಗೆ ಮುಖ ತಿರುಗಿಸಿ, ಮೈ ಕುಗ್ಗಿಸಿ ಕೂತುಬಿಡುತ್ತದೆ. ಮಾತು ಬಾರದ ಕೂಸಿಗೂ ಉತ್ತರ ಕೊಡದ ಮುಖ ಅಂದರೆ ಏನೆಂದು ಗೊತ್ತು.

ಇನ್ನೊಂದು ಪ್ರಯೋಗ ಪೆಟ್ರೀಶಿಯಾ ಕೂಲ್ ಎಂಬಾಕೆಯದು, 2003ರದ್ದು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಭಾಷೆಯವರು ಕೂತು ಆಡಿದರು, ಓದಿದರು. ಆ ಕೂಸುಗಳಿಗೆ ಆ ಭಾಷೆಯ ಧ್ವನಿಗಳ ವ್ಯತ್ಯಾಸ ಹತ್ತಿತು. ಬೇರೆ ಕೂಸುಗಳಿಗೆ ಅದೇ ಜನ, ಅದೇ ಮಾತು, ಆದರೆ ಟೀವಿಯಲ್ಲಿ. ಅವಕ್ಕೆ ಏನೂ ಹತ್ತಲಿಲ್ಲ. ಪರದೆ ಮಾತಾಡುತ್ತದೆ, ಆದರೆ ಮಗು ಎಲ್ಲಿ ನೋಡ್ತಾ ಉಂಟು, ಎಂತಕ್ಕೆ ನಕ್ಕಿತು ಎಂದು ಅದಕ್ಕೆ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಇದನ್ನೇ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು.

ಇದು ಒಪ್ಪತಕ್ಕ ಮಾತು. ಆದರೆ ಈ ಮಾತನ್ನು ಹಿಡಿದುಕೊಂಡು ಬಂದವರು ನಮ್ಮ ಮನೆಯ ಬಾಗಿಲಲ್ಲಿ ನಿಂತು ತಾಯಿಗೆ ಬೈಯುತ್ತಾರಲ್ಲ, ಅಲ್ಲಿ ನನ್ನ ತಕರಾರು. ಮಗುವಿಗೆ ಒಂದು ಮುಖ ಬೇಕು ಎಂದಿರಿ. ಆ ಮುಖ ಎಲ್ಲಿ ಹೋಯಿತು ಎಂದು ಯಾಕೆ ಕೇಳಲಿಲ್ಲ?

ಈ ಮೂರು ತಾಲೂಕುಗಳ ಕೂಲಿ ಮನೆಗಳ ಒಳಗೆ ನೋಡಿ. ತಾಯಿಯ ಮಡಿಲಲ್ಲಿ ಬೀಡಿಯ ಗೆರಸೆ. ಎಲೆ ಕತ್ತರಿಸಬೇಕು, ಹೊಗೆಸೊಪ್ಪಿನ ಹುಡಿ ತುಂಬಬೇಕು, ಸುತ್ತಬೇಕು, ನೂಲು ಕಟ್ಟಬೇಕು. ಕೂಲಿಯ ಲೆಕ್ಕ ಸಾವಿರ ಬೀಡಿಗೆ. ಸರಿ ಇಲ್ಲದ್ದನ್ನು ಬ್ರಾಂಚಿನಲ್ಲಿ ತೆಗೆದು ಹಾಕುತ್ತಾರೆ. ಎರಡು ಕೈಗೂ ಎರಡು ಕಣ್ಣಿಗೂ ಬಿಡುವಿಲ್ಲ. ಗೆರಸೆ ಇರುವ ಮಡಿಲಿಗೆ ಮಗು ಹತ್ತಿದರೆ ಅವತ್ತಿನ ಅಕ್ಕಿಯೇ ಚೆಲ್ಲಿದ ಹಾಗೆ. ಮಗು ಅತ್ತರೆ ಎಂತ ಮಾಡುದು? ಕೈಗೆ ಮೊಬೈಲು.

ರಬ್ಬರ್ ತೋಟಕ್ಕೆ ಬನ್ನಿ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಕಳಿಸಲ್ಪಟ್ಟ ತಮಿಳು ಕೂಲಿ ಕುಟುಂಬಗಳನ್ನು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ತಂದು ನಿಲ್ಲಿಸಿದರು. ರಬ್ಬರಿನ ಹಾಲು ಚೆನ್ನಾಗಿ ಇಳಿಯುವುದು ಬೆಳಗಿನ ತಂಪಿನಲ್ಲಿ. ಅದಕ್ಕೇ ಟ್ಯಾಪಿಂಗಿನವರು ಬೆಳಕು ಹರಿಯುವಾಗಲೇ ಮರದ ಬುಡದಲ್ಲಿರಬೇಕು. ಮಗು ಕಣ್ಣು ಬಿಡುವಾಗ ಮನೆಯಲ್ಲಿ ದೊಡ್ಡವರ ಮುಖ ಇಲ್ಲ. ಅಡಿಕೆ ತೋಟದ ಕೂಲಿಯದ್ದೂ ಹೀಗೇ. ಹೆಕ್ಕುವುದು, ಹೊರುವುದು, ಸುಲಿಯುವುದು, ಎಲ್ಲ ಧನಿಗಳ ಅಂಗಳದಲ್ಲಿ. ತನ್ನ ಅಂಗಳದಲ್ಲಿ ಕೂತರೆ ಕೂಲಿ ಇಲ್ಲ.

ಅದರ ಮೇಲೆ ನಮ್ಮ ಊರಿನ ರಚನೆ ಬೇರೆ. ಬಯಲುಸೀಮೆಯ ಹಾಗೆ ಇಲ್ಲಿ ಮನೆಗಳು ಒತ್ತಾಗಿ ಇಲ್ಲ. ಕಡಬದ ಕೊಂಬಾರು, ಬಿಳಿನೆಲೆ ಕಡೆ, ಸುಳ್ಯದ ಮಡಪ್ಪಾಡಿ, ಕೊಲ್ಲಮೊಗ್ರು ಕಡೆ ಹೋದರೆ ಗುಡ್ಡಕ್ಕೊಂದು ಮನೆ, ತೋಡಿನಾಚೆ ಒಂದು ಮನೆ. ಮೂರು ವರ್ಷದ ಮಗು ಇನ್ನೊಂದು ಮಗುವಿನ ಹತ್ತಿರ ಒಂಟಿಯಾಗಿ ಹೋಗಲಿಕ್ಕೆ ಆಗುವುದಿಲ್ಲ. ಯಾರಾದರೂ ಎತ್ತಿಕೊಂಡು ಹೋಗಬೇಕು. ಎತ್ತಿಕೊಳ್ಳಬೇಕಾದ ಕೈ ಬೀಡಿಯಲ್ಲಿ ಉಂಟು.

ಇದು ಸರಕಾರಕ್ಕೆ ಗೊತ್ತಿರದ ಸಂಗತಿ ಅಲ್ಲ. ಹೆಂಗಸರು ಹೆಚ್ಚಿಗೆ ದುಡಿಯುವ ಕಡೆ ಮಕ್ಕಳಿಗೆ ಶಿಶುಪಾಲನೆಯ ಕೋಣೆ ಇರಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆಯೂ ಹೇಳಿತ್ತು. ಆದರೆ ಬೀಡಿ ಕಾಯ್ದೆಯ ಕೋಣೆ ಕಾರ್ಖಾನೆಯ ಕಟ್ಟಡಕ್ಕೆ ಮಾತ್ರ. ಇಲ್ಲಿ ಎಲೆಯನ್ನೂ ಹುಡಿಯನ್ನೂ ಮನೆಗೇ ಕಳಿಸಿದರು. ಕೆಲಸ ಮನೆಗೆ ಬಂತು, ಕೋಣೆ ಬರಲಿಲ್ಲ. ಅಡಿಕೆ ತೋಟ ತೋಟ ಕಾರ್ಮಿಕರ ಕಾಯ್ದೆಯ ಲೆಕ್ಕಕ್ಕೇ ಸೇರಲಿಲ್ಲ. 2025ರ ನವೆಂಬರಿನಲ್ಲಿ ಈ ಹಳೆಯ ಕಾಯ್ದೆಗಳೂ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋದವು. 2023ರಲ್ಲಿ ರಾಜ್ಯ ಸರಕಾರ ಗ್ರಾಮ ಪಂಚಾಯತುಗಳಲ್ಲಿ 'ಕೂಸಿನ ಮನೆ' ತಂದಿತು. ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಅದನ್ನು ಹೊರಡಿಸುವಾಗ ಕಣ್ಣ ಮುಂದೆ ಇಟ್ಟುಕೊಂಡದ್ದು ಉದ್ಯೋಗ ಖಾತ್ರಿಗೆ ಹೋಗುವ ತಾಯಿಯನ್ನು. ಮನೆಯಲ್ಲೇ ಕೂತು ಬೀಡಿ ಕಟ್ಟುವವಳು ಕೆಲಸಕ್ಕೆ ಹೋದವಳೆಂದು ಯಾರ ಲೆಕ್ಕದಲ್ಲಿಯೂ ಇಲ್ಲ. ಕೊನೆಗೆ ಕಾಯ್ದೆ ಕೊಡಬೇಕಾಗಿದ್ದ ತೊಟ್ಟಿಲನ್ನು ಮೊಬೈಲ್ ಕಂಪೆನಿಯವನು ಕೊಟ್ಟ. ಪುಕ್ಕಟೆ ಅಲ್ಲ, ತಿಂಗಳು ತಿಂಗಳು ರೀಚಾರ್ಜು ಮಾಡಬೇಕು.

ಇನ್ನೊಂದು ಕಡೆ ಪೇಟೆಯ ಸ್ಥಿತಿವಂತರ ಮನೆಗಳಲ್ಲಿ ಒಂದು ಹೊಸ ಮಡಿ ಹುಟ್ಟಿಕೊಂಡಿದೆ. 'ನಮ್ಮ ಮಗುವಿಗೆ ನಾವು ಮೊಬೈಲು ಮುಟ್ಟಿಸಿಯೇ ಇಲ್ಲ' ಎನ್ನುತ್ತಾರೆ. ಮುಟ್ಟಿಸಿಲ್ಲ ಎಂಬ ಪದವನ್ನೇ ಗಮನಿಸಿ. ಬಹಳ ಸಂತೋಷ. ಆದರೆ ಆ ಮಗುವಿಗೆ ಮೊಬೈಲಿನ ಬದಲು ಮುಖ ಕೊಟ್ಟವರು ಯಾರು? ಎಷ್ಟೋ ಮನೆಗಳಲ್ಲಿ ನಮ್ಮ ಕಾಲನಿಯಿಂದ ಕೆಲಸಕ್ಕೆ ಹೋದ ಹೆಂಗಸು. ಆಕೆ ಅಲ್ಲಿ ಆ ಮಗುವನ್ನು ಎತ್ತಿಕೊಂಡು ಕಾಗೆ ತೋರಿಸಿ ಉಣ್ಣಿಸುವಾಗ, ಇಲ್ಲಿ ಆಕೆಯ ಸ್ವಂತ ಮಗು ಗೋಡೆಗೆ ಒರಗಿ ಬೆಳಕಿನ ಚೌಕ ನೋಡುತ್ತಾ ಉಣ್ಣುತ್ತದೆ. ಅವರ ಮಗುವಿನ ಪರದೆಯಿಲ್ಲದ ಬಾಲ್ಯಕ್ಕೆ ಬೆಲೆ ತೆತ್ತದ್ದು ಈ ಮಗು. ಹಿಂದೆ ನಮ್ಮ ಹೆಂಗಸರ ಬೆವರು ಅವರ ಗದ್ದೆಗೆ ಹೋಗುತ್ತಿತ್ತು. ಈಗ ಮಗುವಿಗೆ ಸೇರಬೇಕಾದ ನಗುವೂ ಹೋಗುತ್ತಾ ಉಂಟು. ಆಮೇಲೆ ಅದೇ ಹೆಂಗಸನ್ನು ಸಭೆಗೆ ಕರೆದು, ಮಗುವಿಗೆ ಮೊಬೈಲು ಕೊಡಬೇಡಮ್ಮ, ಸಂಸ್ಕಾರ ಕೊಡು ಎಂದು ಬುದ್ಧಿ ಹೇಳುತ್ತಾರೆ.

ಇನ್ನು ಆ ಚಂದದ ಹಳೆಯ ಅಂಗಳಕ್ಕೆ ಬರೋಣ. ಯಾರ ಅಂಗಳ ಅದು? ಅಲ್ಲಿ ಲಗೋರಿ ಆಡಿದ್ದು ಯಾರು, ಅಂಗಳದ ಕೆಳಗೆ ಹೊರಗಡೆ ನಿಂತು ನೋಡಿದ್ದು ಯಾರು? ಗೆರಟೆಯಲ್ಲಿ ಚಹಾ ಕುಡಿದ ನಮ್ಮ ಅಜ್ಜಂದಿರನ್ನು ಕೇಳಿ. ಕೊರಗರಿಗೆ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ 'ಅಜಲು' ಈ ಜಿಲ್ಲೆಯಲ್ಲಿತ್ತು; ಅದನ್ನು ನಿಷೇಧಿಸಲಿಕ್ಕೆ 2000ದಲ್ಲಿ ಒಂದು ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಅದನ್ನು ನೋಡುತ್ತಾ ಬೆಳೆದ ಮಕ್ಕಳು ಕಲಿತ ಸಮಾಜ ಯಾವುದು? ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. ಅದರಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗಿ ಸಾಯುತ್ತಾನೆ, ಮುಟ್ಟಿ ಎತ್ತುವವರಿಲ್ಲದೆ. ಆಗ ಯಾರ ಕೈಯಲ್ಲಿಯೂ ಮೊಬೈಲು ಇರಲಿಲ್ಲ. ಕೈ ಖಾಲಿಯೇ ಇತ್ತು.

ಟ್ರಾನಿಕ್ ತಾಯಂದಿರಿಗೆ ಕೆಲವೇ ನಿಮಿಷ ಮುಖ ಕಲ್ಲು ಮಾಡಲು ಹೇಳಿದರು. ಜಾತಿ ನಮ್ಮ ಎದುರು ಮುಖ ಕಲ್ಲು ಮಾಡಿಕೊಂಡು ತಲೆಮಾರು ತಲೆಮಾರು ಕೂತಿತು. ನಮ್ಮ ಮಗು ನಕ್ಕರೆ ಊರು ನಗಲಿಲ್ಲ. ನಮ್ಮ ಮಗು ಕರೆದರೆ ಊರು ಓಗೊಡಲಿಲ್ಲ. ಆ ಕೂಸುಗಳ ಹಾಗೆಯೇ ನಾವೂ ಕೊನೆಗೆ ಮುಖ ತಿರುಗಿಸಿ, ಮೈ ಕುಗ್ಗಿಸಿ ಕೂರುವುದನ್ನು ಕಲಿತೆವು. ಅದನ್ನು ಅವರು ವಿನಯ ಎಂದು ಹೊಗಳಿದರು. 1890ರ ದಶಕದಲ್ಲಿ ಕುದ್ಮುಲ್ ರಂಗರಾವ್ ಮಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದಾಗ ಸ್ವಂತ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಮಗುವಿಗೆ ಮುಖ ಕೊಟ್ಟದ್ದಕ್ಕೆ ಆ ಶಿಕ್ಷೆ. ಇದೆಲ್ಲ ಹಳೆಯ ಕತೆ ಅಂತೀರಾ? ದಲಿತ ಹೆಂಗಸು ಬಿಸಿಯೂಟದ ಅಡುಗೆಗೆ ಬಂದದ್ದಕ್ಕೆ ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದರೆಂಬ ಸುದ್ದಿ 2025ರಲ್ಲಿ ಚಾಮರಾಜನಗರದ ಕಡೆಯಿಂದ ಪತ್ರಿಕೆಗಳಲ್ಲಿ ಬಂತು. ಆ ಮಕ್ಕಳಿಗೆ ಇದನ್ನು ಕಲಿಸಿದ್ದು ಯಾವ ಮೊಬೈಲು?

ಇಲ್ಲಿ ನಮ್ಮ ಚಳವಳಿಯ ಗೆಳೆಯರು ಒಂದು ಮಾತು ಹೇಳುತ್ತಾರೆ. ಹಾಗಾದರೆ ಮೊಬೈಲು ನಮ್ಮದೇ ಆಯುಧ ಅಲ್ಲವಾ? ಮುಟ್ಟಬೇಡ ಎಂದೇ ಕೇಳಿಸಿಕೊಂಡು ಬಂದ ಜನಕ್ಕೆ, ಮುಟ್ಟು ಎಂದು ಕರೆದ ಮೊದಲ ವಸ್ತು ಅದು. ಬೆರಳು ಇಟ್ಟರೆ ಸಾಕು, ಜಾತಿ ಕೇಳದೆ ತೆರೆದುಕೊಳ್ಳುತ್ತದೆ. ಅಂಬೇಡ್ಕರರ ಭಾಷಣ ಕಾಲನಿಯ ಒಳಗೆ ಬಂದದ್ದು ಅದರಲ್ಲಿ. ಧನಿಗಳು ಬೈದದ್ದನ್ನು ಹಿಡಿದಿಟ್ಟು ಠಾಣೆಯಲ್ಲಿ ಕೇಳಿಸಿದ್ದು ಅದರಲ್ಲಿ. ಅವರ ಮಕ್ಕಳು ಕಂಪ್ಯೂಟರ್ ಕಲಿಯುವಾಗ ನಮ್ಮ ಮಕ್ಕಳು ಮಣ್ಣಲ್ಲಿ ಆಡಬೇಕಾ?

ಈ ಮಾತಿಗೆ ತೂಕ ಉಂಟು. ನಾನು ಇದನ್ನು ತಳ್ಳಿಹಾಕುವುದಿಲ್ಲ. ಹದಿನೈದು ವರ್ಷದ ಹುಡುಗಿಯ ಕೈಯಿಂದ ಮೊಬೈಲು ಕಿತ್ತುಕೊಳ್ಳಲು ಬರುವವರ ಎದುರು ನಾನೂ ನಿಲ್ಲುತ್ತೇನೆ. ಆದರೆ ಎರಡು ವರ್ಷದ ಮಗುವಿನ ವಿಚಾರ ಬೇರೆ. ಮೈಕು ಮಾತು ಬಂದವರಿಗೆ ಆಯುಧ. ಮಾತೇ ಬಾರದ ಮಗುವಿನ ಎದುರು ಮೈಕು ಇಟ್ಟರೆ ಎಂತ ಪ್ರಯೋಜನ? ಮೊದಲು ಮಾತು ಬರಬೇಕು. ಮಾತು ಮನುಷ್ಯರಿಂದ ಬರಬೇಕು.

ಆ ಗಾಜು ಜಾತಿ ಕೇಳುವುದಿಲ್ಲ, ನಿಜ. ಅದು ಹೆಸರನ್ನೂ ಕೇಳುವುದಿಲ್ಲ. ಹಸಿವಾಯ್ತಾ ಎಂದೂ ಕೇಳುವುದಿಲ್ಲ. ಅದರ ಎದುರು ಕೂತ ಮಗುವಿಗೆ ಜಗಳ ಗೊತ್ತಾಗುವುದಿಲ್ಲ, ರಾಜಿಯೂ ಗೊತ್ತಾಗುವುದಿಲ್ಲ. ಇನ್ನೊಂದು ಮಗು ಆಟಿಕೆ ಕಿತ್ತುಕೊಂಡಾಗ ಅಳಬೇಕು, ಕಚ್ಚಬೇಕು, ಬೈಸಿಕೊಳ್ಳಬೇಕು, ಆಮೇಲೆ ಅದೇ ಮಗುವಿನ ಜೊತೆ ಕೂತು ಒಂದೇ ಪೇರಳೆ ಹಣ್ಣನ್ನು ಕಚ್ಚಿ ತಿನ್ನಬೇಕು. ಇನ್ನೊಬ್ಬನಿಗೂ ನೋವಾಗುತ್ತದೆ ಎಂದು ತಿಳಿಯುವುದು ಹೀಗೆ. ಮೊಬೈಲಿನಲ್ಲಿ ಹಾಗಿಲ್ಲ. ಬೇಡವಾದ ಮುಖವನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿದರೆ ಆಯಿತು, ಇನ್ನೊಂದು ಮುಖ ಬರುತ್ತದೆ. ಬೇಡದ ಮನುಷ್ಯನನ್ನು ಕಣ್ಣೆದುರಿನಿಂದ ತಳ್ಳಿಬಿಡುವ ಈ ಅಭ್ಯಾಸ ನಮಗೆ ಹೊಸದಾ? ತಳ್ಳಿಸಿಕೊಂಡವರು ನಾವೇ ಅಲ್ಲವಾ? ನಾಳೆ ನಮ್ಮ ಮಗುವೇ ತಳ್ಳುವುದನ್ನು ಕಲಿತರೆ ಅದನ್ನು ವಿಮೋಚನೆ ಎನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಭಾಷೆಯ ಮಾತನ್ನೂ ಇಲ್ಲೇ ಹೇಳಬೇಕು. ಮನೆಯಲ್ಲಿ ತುಳು, ಪಕ್ಕದಲ್ಲಿ ಅರೆಭಾಷೆ, ಅತ್ತ ಬ್ಯಾರಿ, ಇತ್ತ ತೋಟದಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ನಮ್ಮ ಮಗು ನಾಲ್ಕು ಮನೆ ತಿರುಗಿದರೆ ನಾಲ್ಕು ಭಾಷೆ. ಈಗ ಅದೇ ಮಗು ತುಳು ಮಾತಾಡುವ ಅಜ್ಜಿಯ ಹತ್ತಿರ ಕಾರ್ಟೂನಿನ ಹಿಂದಿಯಲ್ಲಿ ನೀರು ಕೇಳುತ್ತದೆ. ಅಜ್ಜಿಗೆ ಅರ್ಥ ಆಗುವುದಿಲ್ಲ. ಹೊಸ ಭಾಷೆ ಬಂತೆಂದು ನನಗೆ ದುಃಖ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವ ಒಂದು ಮುಖ ಕಡಿಮೆ ಆಯಿತಲ್ಲ, ಅದು ದುಃಖ.

ಮೊಬೈಲು ಮನುಷ್ಯರ ಜಾಗದಲ್ಲಿ ಕೂತರೆ ಏನಾಗುತ್ತದೆ ಎಂದು ನಾವು ಒಮ್ಮೆ ನೋಡಿಯಾಗಿದೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಜೂನಿನಲ್ಲಿ ರಾಜ್ಯ ಸರಕಾರವೇ ಐದನೆಯ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಎಂದಿತು. ಜುಲೈಯಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಮಕ್ಕಳಿದ್ದಲ್ಲಿಗೇ ಮೇಷ್ಟ್ರು ಹೋಗುವ 'ವಿದ್ಯಾಗಮ' ಬಂತು, ಅಕ್ಟೋಬರಿನಲ್ಲಿ ನಿಂತಿತು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಗ್ರಾಮದ ಬಳ್ಳಕದ ಒಂದು ಫೋಟೋ ದೇಶವೆಲ್ಲ ತಿರುಗಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿಯೊಬ್ಬಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲರೂ ನೆಟ್‌ವರ್ಕ್ ಇಲ್ಲ ಎಂದು ಮರುಗಿದರು. ನನಗೆ ಕಂಡದ್ದು ಕೊಡೆ. ಮೊಬೈಲು ಪಾಠ ಹೇಳಬೇಕಾದರೂ ಪಕ್ಕದಲ್ಲಿ ಒಬ್ಬ ಮನುಷ್ಯ ಕೂಲಿ ಬಿಟ್ಟು ನಿಲ್ಲಬೇಕು. ಸಣ್ಣ ಮಕ್ಕಳ ಫೋಟೋವನ್ನು ಯಾರೂ ತೆಗೆಯಲಿಲ್ಲ. ಒಂದರಿಂದ ಐದನೆಯ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಅಂಗನವಾಡಿ ತೆರೆದದ್ದು ನವೆಂಬರ್ 8ಕ್ಕೆ. ಮೂರು ವರ್ಷದ ಮಗು ಐದರ ಹತ್ತಿರ ಬಂದಿತ್ತು. ಬೇರೆ ಜಾತಿಯ, ಬೇರೆ ಭಾಷೆಯ ಮಗುವಿನ ಪಕ್ಕ ಚಾಪೆಯಲ್ಲಿ ಕೂರುವ ಆ ಎರಡು ವರ್ಷ ಹೋಯಿತು. ಅಕ್ಷರ ಆಮೇಲೆ ಕಲಿಸಬಹುದು. ಆ ಚಾಪೆಯನ್ನು ಯಾವ ಬ್ರಿಡ್ಜ್ ಕೋರ್ಸು ತಂದುಕೊಡುತ್ತದೆ?

ಪ್ರಜಾಪ್ರಭುತ್ವ ಎಂದರೆ ಸರಕಾರ ನಡೆಸುವ ಒಂದು ರೀತಿ ಮಾತ್ರ ಅಲ್ಲ, ಜನ ಕೂಡಿ ಬಾಳುವ ಕ್ರಮ ಎಂಬುದು 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರ ವಿಚಾರ. ಹಾಗಾದರೆ ಅದರ ಮೊದಲ ಪಾಠ ಅಂಗನವಾಡಿಯ ಚಾಪೆಯಲ್ಲಿ ನಡೆಯಬೇಕು. ಮೂರರ ಮಕ್ಕಳಿಗೆ ಜಾತಿ ಇನ್ನೂ ಪೂರ್ತಿ ಹಿಡಿದಿರುವುದಿಲ್ಲ. ಒಬ್ಬರ ಎಂಜಲು ಇನ್ನೊಬ್ಬರ ಬಾಯಿಗೆ ಹೋಗುವ ವಯಸ್ಸು ಅದು. ಆ ವಯಸ್ಸಿನಲ್ಲಿ ಮಕ್ಕಳನ್ನು ಬೇರೆ ಬೇರೆ ಮೂಲೆಯಲ್ಲಿ ಬೇರೆ ಬೇರೆ ಪರದೆಯ ಎದುರು ಕೂರಿಸಿದರೆ ಲಾಭ ಯಾರಿಗೆ? ಕಂಪೆನಿಗೆ ದುಡ್ಡಿನ ಲಾಭ. ಮಕ್ಕಳು ಒಟ್ಟಿಗೆ ಕೂರಬಾರದು ಎಂದು ಬಯಸುವವರಿಗೆ ದುಡ್ಡಿಲ್ಲದ ಲಾಭ.

ಆದರೆ ಅಂಗನವಾಡಿಯ ಟೀಚರಮ್ಮನ ಕೈಯಲ್ಲಿ ಈಗ ಏನಿದೆ ನೋಡಿ. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. ತೂಕ, ಎತ್ತರ, ಹಾಜರಿ, ಆಹಾರ, ಎಲ್ಲವನ್ನೂ ಮೊಬೈಲಿಗೆ ಹಾಕಬೇಕು. 2025ರ ಜುಲೈಯಿಂದ ಮನೆಗೆ ಕೊಡುವ ರೇಷನ್ನಿಗೆ ಮುಖ ಗುರುತಿಸುವ ಯಂತ್ರವನ್ನು ಕಡ್ಡಾಯ ಮಾಡಿದರು. ನೆಟ್‌ವರ್ಕ್ ಸಿಗುವವರೆಗೆ ಆಕೆ ಮೊಬೈಲನ್ನು ನೋಡುತ್ತಾ ನಿಲ್ಲಬೇಕು. ಮಕ್ಕಳು ಆಕೆಯ ಸೆರಗು ಎಳೆಯುತ್ತಾ ನಿಲ್ಲುತ್ತವೆ. ಯಂತ್ರಕ್ಕೆ ತಾಯಿಯ ಮುಖ ಬೇಕು, ಲೆಕ್ಕಕ್ಕೆ. ಮಗುವಿಗೆ ಟೀಚರಿನ ಮುಖ ಬೇಕು, ಬದುಕಿಗೆ. ಸರಕಾರ ಮೊದಲನೆಯದಕ್ಕೆ ಆದೇಶ ಹೊರಡಿಸಿತು.

ಆದ್ದರಿಂದ ನಮ್ಮ ಬೇಡಿಕೆ 'ಮೊಬೈಲು ಬಿಡಿಸಿ' ಎಂಬ ಬೋಧನೆ ಆಗಬಾರದು. ಬೀಡಿ ಕಟ್ಟುವ, ರಬ್ಬರ್ ಕೊರೆಯುವ, ಅಡಿಕೆ ಸುಲಿಯುವ ಪ್ರತಿಯೊಬ್ಬ ತಾಯಿಯ ಮಗುವಿಗೂ ಕಾಲನಿಗೆ ಹತ್ತಿರದಲ್ಲಿ ಕೂಸಿನ ಮನೆ ಬೇಕು. ಹಾಲೂಡಿಸುವ ತಾಯಿ ಸಾವಿರ ಬೀಡಿಯ ಲೆಕ್ಕ ಮುಟ್ಟಿಸಲಾಗದಿದ್ದರೂ ಹಸಿಯದಷ್ಟು ಕೂಲಿ ಬೇಕು. ಅಂಗನವಾಡಿಯ ಟೀಚರಿಗೆ ಡಾಟಾ ಹಾಕುವ ಕೆಲಸದಿಂದ ಬಿಡುಗಡೆ ಬೇಕು, ಇಲ್ಲವೇ ಅದಕ್ಕೆ ಇನ್ನೊಬ್ಬರು ಬೇಕು. ಡಿ.ಸಿ. ಮನ್ನಾ ಭೂಮಿ ಕೊಡಿ ಎಂದು ಈ ಜಿಲ್ಲೆಯಲ್ಲಿ ಇಷ್ಟು ಕಾಲದಿಂದ ಕೇಳುತ್ತಿದ್ದೇವೆ. ಮನೆಗೆ ಕೇಳಿದೆವು, ಕೃಷಿಗೆ ಕೇಳಿದೆವು. ಇನ್ನು ಮುಂದೆ ಮಕ್ಕಳ ಅಂಗಳಕ್ಕೂ ಕೇಳಬೇಕು. ಹಳೆಯ ಅಂಗಳ ನಮಗೆ ವಾಪಸ್ ಬೇಡ. ಯಾರೂ ಹೊರಗೆ ನಿಂತು ನೋಡಬೇಕಾಗಿಲ್ಲದ ಅಂಗಳ ಬೇಕು. ಅದು ಹಿಂದೆ ಇರಲಿಲ್ಲ, ನಾವೇ ಮಾಡಬೇಕು.

ಸರಕಾರ ಕೊಡುವವರೆಗೆ ಸುಮ್ಮನೆ ಕೂರುವುದಲ್ಲ. ನಮ್ಮ ಸಂಘದ ಕಚೇರಿ ಸಂಜೆ ಆರರವರೆಗೆ ಬೀಗ ಹಾಕಿಕೊಂಡೇ ಇರುತ್ತದೆ. ಅದರ ಜಗಲಿ ಮಕ್ಕಳಿಗೆ ಸಾಕು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಪಾಳಿ ಹಾಕಿಕೊಂಡು ವಾರಕ್ಕೆ ಎರಡು ಸಂಜೆ ಕೂರಬಹುದು. ಪಾಠ ಹೇಳಬೇಕಾಗಿಲ್ಲ. ಎತ್ತಿಕೊಳ್ಳುವುದು, ಪದ ಹೇಳುವುದು, ಜಗಳ ಬಿಡಿಸುವುದು, ಇಷ್ಟು ಸಾಕು. ಆ ಹೊತ್ತು ಮೊಬೈಲು ಮಾಡಿನ ಅಡ್ಡಕ್ಕೆ ಸಿಕ್ಕಿಸಿದ ಚೀಲದಲ್ಲಿ ಇರಲಿ, ದೊಡ್ಡವರದ್ದೂ.

ಹಳ್ಳಿಯ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ನಿಮ್ಮಲ್ಲಿ ಒಂದು ಮಾತು. ಮೊಬೈಲು ನೋಡಿ ನೋಡಿ ಮಾತು ಬಾರದ ಮಗು ಎಂದು ಒಂದು ಮಗುವನ್ನು ನಿಮ್ಮ ಹತ್ತಿರ ತರುತ್ತಾರೆ. ತಾಯಿಗೆ ಬುದ್ಧಿ ಹೇಳುವ ಮೊದಲು ಆಕೆ ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಾಳೆ ಎಂದು ಕೇಳಿ. ಆಮೇಲೆ ನೆಲದಲ್ಲಿ ಮಗುವಿನ ಎದುರು ಕೂತುಕೊಳ್ಳಿ. ಹೆಸರು ಎಂತ ಎಂದು ಕೇಳಿ. ಅದು ಕೂಡಲೇ ಹೇಳುವುದಿಲ್ಲ. ಕಾಯಿರಿ.